ನ್ಯಾಯಸೇವೆ, ಗ್ರಾಮಾಭ್ಯುದಯ ಮತ್ತು ಸ್ನಾತಕೋತ್ತರ ವಿದ್ಯಾರ್ಥಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ತಾಂಡಾಗಳನ್ನು ಕುರಿತು

ಸ್ನಾತಕೋತ್ತರ ತರಗತಿಗಳ ವಿದ್ಯಾರ್ಥಿಗಳು ಕಾನೂನು ನೆರವಿನ ಕಾರ್ಯದಲ್ಲಿಯೂ ಅಭಿವೃದ್ಧಿ ಕಾರ್ಯದಲ್ಲಿಯೂ ಭಾಗವಹಿಸಬೇಕೆಂಬ ಮಾತನ್ನು ಒಪ್ಪದವರು ವಿರಳ. ಆದರೆ ಹಾಗೆ ಭಾಗವಹಿಸುವ ವಿದ್ಯಾರ್ಥಿ ಮಾಡಬೇಕಾದುದೇನು, ಮಾಡಬಾರದುದೇನು ಎಂದು ಕೇಳಿದರೆ ದೊರೆಯುವ ಉತ್ತರಗಳು ಅಷ್ಟು ಖಚಿತವಾಗಿಲ್ಲ. ಈ ಪ್ರಶ್ನೆಯನ್ನು ನಮ್ಮ ನೆರೆಯ ನಾಲ್ಕು ತಾಲ್ಲೂಕುಗಳ ಒಂದು ನಿರ್ದಿಷ್ಟ ಸಮಸ್ಯೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವಿದ್ಯಾರ್ಥಿಯು ಅಲ್ಲಿ ವಾದಿಸುವವನಲ್ಲ, ಬೋಧಿಸುವವನೂ ಅಲ್ಲ. ದಾಖಲೆಗೂ ನೆಲಕ್ಕೂ ನಡುವೆ ಕಡಿದುಹೋಗಿರುವ ಸಂಬಂಧವನ್ನು ಹುಡುಕಿ ಜೋಡಿಸುವವನು ಎಂಬುದು ನಮ್ಮ ಅಭಿಪ್ರಾಯ.

ಈ ಬಗೆಯ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದ ಎಚ್. ವಿ. ನಂಜುಂಡಯ್ಯನವರೇ ಸಂಸ್ಥಾನದ ಜನಾಂಗ ಪರಿಶೀಲನೆಯ ಹೊಣೆಯನ್ನು ಹೊತ್ತಿದ್ದರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾದವರೂ ಅವರೇ. ಮುಂದೆ ಎಂ. ಎನ್. ಶ್ರೀನಿವಾಸರು ಮುಂಬಯಿಯಲ್ಲಿ ಎಂ.ಎ. ಪದವಿಗಾಗಿ ಸಿದ್ಧಪಡಿಸಿದ ಪ್ರಬಂಧವು ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಗ್ರಂಥವಾಗಿ ೧೯೪೨ರಲ್ಲಿ ಪ್ರಕಟವಾಯಿತು. ೧೯೪೮ರಲ್ಲಿ ಅವರು ರಾಮಪುರವೆಂದು ಹೆಸರಿಟ್ಟ ಗ್ರಾಮದಲ್ಲಿ ನೆಲಸಿ, ಊರಿನ ವ್ಯಾಜ್ಯಗಳನ್ನೂ ಅವು ತೀರ್ಮಾನವಾಗುವ ಬಗೆಯನ್ನೂ ಗುರುತಿಸಿಕೊಂಡರು. ನ್ಯಾಯವು ಕಚೇರಿಯ ಕಟಕಟೆಯಲ್ಲಿ ಮಾತ್ರವಲ್ಲದೆ ಊರ ಚಾವಡಿಯಲ್ಲಿಯೂ ಇದೆಯೆಂಬುದನ್ನು ಅವರ ಬರಹಗಳು ತೋರಿಸಿಕೊಟ್ಟವು.

ಹೊರದೇಶಗಳ ಅನುಭವವೂ ಇಲ್ಲಿ ಉಪಯುಕ್ತ. ೧೯೬೦ರ ದಶಕದಲ್ಲಿ ಅಮೆರಿಕದ ಸರ್ಕಾರ ಮತ್ತು ಫೋರ್ಡ್ ಪ್ರತಿಷ್ಠಾನದ ಬೆಂಬಲದಿಂದ ಅನೇಕ ಕಾನೂನು ಪಂಡಿತರು ಏಷ್ಯ, ಆಫ್ರಿಕ, ದಕ್ಷಿಣ ಅಮೆರಿಕಗಳಿಗೆ ತೆರಳಿದರು. ಒಳ್ಳೆಯ ಕಾನೂನು ಬಂದರೆ ಅಭಿವೃದ್ಧಿ ತಾನಾಗಿಯೇ ಹಿಂಬಾಲಿಸುವುದೆಂಬುದು ಅವರ ನಂಬಿಕೆ. ಆ ಚಳವಳಿಯೊಳಗಿನವರೇ ಆದ ಡೇವಿಡ್ ಟ್ರೂಬೆಕ್ ಮತ್ತು ಮಾರ್ಕ್ ಗ್ಯಾಲಂಟರ್ ೧೯೭೪ರಲ್ಲಿ ಬರೆದ ಪ್ರಬಂಧದಲ್ಲಿ ಈ ನಂಬಿಕೆಯನ್ನು ನಿಷ್ಠುರವಾಗಿ ವಿಮರ್ಶಿಸಿದರು. ಅನಂತರದ ಪ್ರಯತ್ನಗಳು ಬೇರೆ ದಾರಿಯನ್ನು ಹಿಡಿದವು. ೨೦೦೩ರಲ್ಲಿ ಸಿಯೆರಾ ಲಿಯೋನ್ ದೇಶದಲ್ಲಿ ಆರಂಭವಾದ ‘ಟಿಮಾಪ್’ ಸಂಸ್ಥೆಯು ವಕೀಲರಲ್ಲದ ಸ್ಥಳೀಯರಿಗೇ ತರಬೇತಿಯನ್ನಿತ್ತು ಹಳ್ಳಿಗಳಲ್ಲಿ ನ್ಯಾಯಸೇವೆಯನ್ನು ನಡೆಸಿತು. ಅಂಥ ಸೇವಕರನ್ನು ಆ ದೇಶದ ೨೦೧೨ರ ಕಾನೂನು ನೆರವಿನ ಶಾಸನ ಮಾನ್ಯಮಾಡಿತು. ಹೊರಗಿನಿಂದ ತಂದ ಕಾನೂನಿಗಿಂತ, ಇರುವ ಕಾನೂನನ್ನು ಇದ್ದಲ್ಲಿಯೇ ಬಳಸಿಕೊಳ್ಳುವ ಶಕ್ತಿ ಮುಖ್ಯವೆಂಬುದು ಇದರ ಪಾಠ.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಈಚಿನ ತಾಲ್ಲೂಕು. ಆದುದರಿಂದ ಇಲ್ಲಿಯ ಒಂದು ಹಳ್ಳಿಯ ಹಳೆಯ ಕಾಗದವನ್ನು ಹುಡುಕುವವನು ಇಂದಿನ ಜಿಲ್ಲಾ ಕಚೇರಿಯೊಂದನ್ನೇ ನಂಬಿದರೆ ಸಾಲದು. ಭದ್ರಾ ನಾಲೆಯ ನೀರುಂಡ ಚನ್ನಗಿರಿ, ಹೊನ್ನಾಳಿಗಳ ಬಯಲಿಗೂ ಮಳೆಯನ್ನೇ ನೆಚ್ಚಿದ ಜಗಳೂರಿನ ಬೆದ್ದಲಿಗೂ ಅಂತರ ಬಹಳ. ಆದರೂ ನಾಲ್ಕೂ ತಾಲ್ಲೂಕುಗಳಿಗೆ ಸಮಾನವಾದುದೊಂದುಂಟು: ಅದು ಲಂಬಾಣಿಗರ ತಾಂಡಾ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಸೂರಗೊಂಡನಕೊಪ್ಪ ಇರುವುದೂ ನ್ಯಾಮತಿ ತಾಲ್ಲೂಕಿನಲ್ಲಿಯೇ. ನಾಯಕ, ಡಾವ್, ಕಾರಬಾರಿ ಎಂಬ ಹಿರಿಯರು ಕೂಡಿ ನ್ಯಾಯ ತೀರಿಸುವ ಪದ್ಧತಿಯನ್ನುಳ್ಳ ತಾಂಡಾವು ತನ್ನೊಳಗೆ ಒಂದು ವ್ಯವಸ್ಥಿತ ಸಮಾಜ. ಆದರೆ ಕಂದಾಯದ ಪುಸ್ತಕದಲ್ಲಿ ಎಷ್ಟೋ ಕಾಲ ಅದಕ್ಕೆ ಗ್ರಾಮವೆಂಬ ಹೆಸರೇ ಇರಲಿಲ್ಲ. ಅದು ಇನ್ನೊಂದು ಗ್ರಾಮದ ಸರ್ವೆ ನಂಬರುಗಳ ಮೇಲೆ ಎದ್ದುನಿಂತ ಮನೆಗಳ ಗುಂಪು ಮಾತ್ರ. ಮನೆಯಿದ್ದೂ ಹಕ್ಕುಪತ್ರವಿಲ್ಲದವನಿಗೆ ಬ್ಯಾಂಕಿನ ಸಾಲವೂ ಮನೆಕಟ್ಟುವ ಸಹಾಯಧನವೂ ದುರ್ಲಭವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಕೊರತೆಯ ನಿವಾರಣೆಗೆ ಇಂದು ಮೂರು ದಾರಿಗಳಿವೆ. ದಾಖಲೆಯಿಲ್ಲದ ಜನವಸತಿಯ ಮನೆ ಸರ್ಕಾರಿ ಕಂದಾಯ ಭೂಮಿಯಲ್ಲಿದ್ದರೆ ಕರ್ನಾಟಕ ಭೂಕಂದಾಯ ಅಧಿನಿಯಮದ ೯೪-ಡಿ ಪ್ರಕರಣ ಅನ್ವಯಿಸುತ್ತದೆ. ಖಾಸಗಿ ಒಡೆತನದ ಭೂಮಿಯಲ್ಲಿದ್ದರೆ ಭೂಸುಧಾರಣಾ ಅಧಿನಿಯಮದ ೩೮-ಎ ಪ್ರಕರಣ. ಅರಣ್ಯಭೂಮಿಯಲ್ಲಿದ್ದರೆ ಈ ಎರಡೂ ಸಲ್ಲವು. ಅಲ್ಲಿ ೨೦೦೬ರ ಅರಣ್ಯ ಹಕ್ಕು ಕಾಯ್ದೆಯೇ ಗತಿ. ಒಂದೇ ತಾಂಡಾದ ಮೂರು ಬೀದಿಗಳು ಮೂರು ಬಗೆಯ ಭೂಮಿಯ ಮೇಲೆ ಇರುವುದೂ ಸಾಧ್ಯ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ವರ್ಷಗಟ್ಟಲೆ ಬಿದ್ದಿದ್ದು ಕೊನೆಗೆ ತಿರಸ್ಕೃತವಾಗುತ್ತದೆ. ಆದುದರಿಂದ ವಿದ್ಯಾರ್ಥಿಯ ಮೊದಲ ಕೆಲಸ ಭಾಷಣವೂ ಅಲ್ಲ, ಅರ್ಜಿ ಬರೆಯುವುದೂ ಅಲ್ಲ. ಗ್ರಾಮನಕ್ಷೆ, ಪಹಣಿ ಮತ್ತು ಅರಣ್ಯ ಅಧಿಸೂಚನೆಗಳನ್ನು ಎದುರಿಗಿಟ್ಟುಕೊಂಡು, ಯಾವ ಮನೆ ಯಾವ ಬಗೆಯ ಭೂಮಿಯಲ್ಲಿದೆಯೆಂದು ಊರವರೊಡನೆ ನಡೆದು ಗುರುತಿಸುವುದು.

ಮೂರನೆಯ ದಾರಿ ಅತ್ಯಂತ ಕಠಿಣ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಗೆ ಸೇರಿದವರು. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡದವರು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಈ ಭೇದದ ಫಲ ದೊಡ್ಡದು. ೨೦೦೫ರ ಡಿಸೆಂಬರ್ ೧೩ಕ್ಕೆ ಮುಂಚೆ ಭೂಮಿ ಅನುಭವದಲ್ಲಿರಬೇಕೆಂಬ ನಿಯಮ ಎಲ್ಲರಿಗೂ ಸಮಾನ. ಆದರೆ ಪರಿಶಿಷ್ಟ ಪಂಗಡದವರಲ್ಲದ ‘ಇತರ ಪಾರಂಪರಿಕ ಅರಣ್ಯವಾಸಿಗಳು’ ಆ ದಿನಕ್ಕೆ ಹಿಂದಿನ ಮೂರು ತಲೆಮಾರುಗಳ ಕಾಲ ಅರಣ್ಯವನ್ನು ಅವಲಂಬಿಸಿ ಅಲ್ಲಿ ವಾಸವಾಗಿದ್ದುದನ್ನೂ ತೋರಿಸಬೇಕು. ತಲೆಮಾರೆಂದರೆ ೨೫ ವರ್ಷ; ಮೂರಕ್ಕೆ ೭೫. ಅಂದರೆ ೧೯೩೦ರ ಕೊನೆಗೆ ಹೋಗಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಇದೇ ಹೊಲವನ್ನು ೭೫ ವರ್ಷ ಉತ್ತಿರಬೇಕೆಂದು ಕಾಯ್ದೆ ಹೇಳುವುದಿಲ್ಲ. ೭೫ ವರ್ಷಗಳ ಮಾತು ವಾಸಕ್ಕೂ ಅವಲಂಬನೆಗೂ ಸಂಬಂಧಿಸಿದ್ದು. ಈ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಸಿಕೊಟ್ಟರೂ ವಿದ್ಯಾರ್ಥಿಯ ಶ್ರಮ ಸಾರ್ಥಕ.

ಓದುಬರಹವಿಲ್ಲದ ಹಿರಿಯರು ೧೯೩೦ಕ್ಕೆ ಪುರಾವೆಯನ್ನು ಎಲ್ಲಿಂದ ತಂದಾರು? ಕಾಯ್ದೆಯ ನಿಯಮಗಳು ಈ ವಿಷಯದಲ್ಲಿ ಉದಾರವಾಗಿವೆ. ಗ್ಯಾಸೆಟಿಯರು, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ನಕ್ಷೆ ಇವು ಪುರಾವೆಗಳು. ಮನೆ, ಬಾವಿ, ಸ್ಮಶಾನ, ಪೂಜಾಸ್ಥಳಗಳೂ ಪುರಾವೆಗಳು. ವಂಶಾವಳಿಯೂ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆಯೂ ಸಲ್ಲುತ್ತವೆ. ಇಂಥದೇ ಲಿಖಿತ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಹಟಹಿಡಿಯಕೂಡದೆಂದು ೨೦೧೨ರ ತಿದ್ದುಪಡಿ ವಿಧಿಸಿತು. ಈ ಪಟ್ಟಿಯನ್ನು ನೋಡಿದ ಇತಿಹಾಸದ ವಿದ್ಯಾರ್ಥಿಗೆ ಇದು ತನ್ನದೇ ಪಾಠಪಟ್ಟಿಯೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಆಕರಗಳ ಮಿತಿಯನ್ನು ಅರಿತಿರಬೇಕು. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ೭ನೆಯ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳೂ ೧೧ನೆಯ ಸಂಪುಟದಲ್ಲಿ ಜಗಳೂರಿನ ಶಾಸನಗಳೂ ಇವೆ. ಅವು ದಾನ ಕೊಟ್ಟವರ, ಪಡೆದವರ ಚರಿತ್ರೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿ ನಡೆದವರ ನೆಲೆಯನ್ನು ಅಲ್ಲಿ ಹುಡುಕುವುದು ವ್ಯರ್ಥಶ್ರಮ. ೧೯೨೭ರಿಂದ ೧೯೩೦ರವರೆಗೆ ಹೊರಬಂದ ಹಯವದನರಾಯರ ಗ್ಯಾಸೆಟಿಯರು, ೧೯೩೧ರ ಜನಗಣತಿ, ೧೯೦೦ರ ಮೈಸೂರು ಅರಣ್ಯ ರೆಗ್ಯುಲೇಷನ್ನಿನ ಮೇರೆಗೆ ಹೊರಟ ಅಧಿಸೂಚನೆಗಳು ಕಾಲದೃಷ್ಟಿಯಿಂದ ಹೆಚ್ಚು ಹತ್ತಿರದವು. ಇವುಗಳಲ್ಲಿಯೂ ವ್ಯಕ್ತಿಗಳ ಹೆಸರು ದೊರೆಯುವುದು ಕಷ್ಟ. ಹೆಚ್ಚೆಂದರೆ ಸ್ಥಳ ದೊರೆತೀತು. ಆದುದರಿಂದ ಮೂರು ಕೊಂಡಿಗಳನ್ನು ಕೂಡಿಸಬೇಕಾಗುತ್ತದೆ. ಕಾಗದವು ಸ್ಥಳವನ್ನು ತಿಳಿಸುತ್ತದೆ. ಹಿರಿಯರ ಮಾತು ಮನೆತನವನ್ನು ತಿಳಿಸುತ್ತದೆ. ಬಾವಿ, ಸಮಾಧಿ, ಗುಡಿಗಳು ಆ ಸ್ಥಳದಲ್ಲಿ ಆ ಮನೆತನ ಬಿಡದೆ ನೆಲಸಿದ್ದುದನ್ನು ತಿಳಿಸುತ್ತವೆ. ಒಂದು ಕೊಂಡಿ ಕಳಚಿದರೂ ಸರಪಣಿ ದುರ್ಬಲವಾಗುತ್ತದೆ.

ಇಲ್ಲಿಯೇ ಒಂದು ಅಪಾಯವೂ ಇದೆ. ಹಿರಿಯರ ಬಾಯಿಗೆ ತಾನೇ ಇಸವಿಯನ್ನು ತುಂಬುವ ವಿದ್ಯಾರ್ಥಿ ಉಪಕಾರ ಮಾಡುವುದಿಲ್ಲ. ಒಂದು ಹೇಳಿಕೆ ಸುಳ್ಳೆಂದು ಕಂಡುಬಂದರೆ ಇಡೀ ತಾಂಡಾದ ಅರ್ಜಿಗಳ ಮೇಲೆ ಸಂದೇಹದ ನೆರಳು ಬೀಳುತ್ತದೆ. ತಾಂಡಾ ಆಮೇಲೆ ಬಂದು ನೆಲಸಿದ್ದೆಂದು ಶೋಧನೆ ತೋರಿಸಿದರೆ, ಅದನ್ನು ಆ ಜನರಿಗೆ ನೇರವಾಗಿ ಹೇಳುವುದೇ ಧರ್ಮ. ಇದು ಕೇವಲ ವಿದ್ವತ್ತಿನ ಪ್ರಶ್ನೆಯಲ್ಲ. ೨೦೧೯ರ ಫೆಬ್ರವರಿ ೧೩ರಂದು ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತರಾದವರನ್ನು ಅರಣ್ಯದಿಂದ ತೆರವುಗೊಳಿಸುವಂತೆ ಆಜ್ಞೆ ಮಾಡಿತು. ಅದೇ ತಿಂಗಳ ೨೮ರಂದು ಆ ಆಜ್ಞೆಗೆ ತಡೆ ಬಂದಿತು. ತಿರಸ್ಕಾರದ ಒಂದು ಸಾಲಿನ ಹಿಂದೆ ಒಂದು ಸಂಸಾರದ ಒಲೆಯಿದೆಯೆಂಬುದು ಆ ಹದಿನೈದು ದಿನಗಳಲ್ಲಿ ದೇಶಕ್ಕೆಲ್ಲ ಮನವರಿಕೆಯಾಯಿತು.

ವಿದ್ಯಾರ್ಥಿಯ ಅಧಿಕಾರಕ್ಕೂ ಮಿತಿಯುಂಟು. ವಕೀಲಿಯ ಹಕ್ಕು ೧೯೬೧ರ ಅಡ್ವೊಕೇಟರ ಅಧಿನಿಯಮದ ಪ್ರಕಾರ ನೋಂದಾಯಿತ ವಕೀಲರಿಗೆ ಮಾತ್ರ. ಹಾಗೆಂದು ವಕೀಲರನ್ನು ದೂರವಿಟ್ಟರೆ ಬಡವನಿಗೆ ನ್ಯಾಯ ಸುಲಭವಾಗುವುದೆಂದೂ ಭಾವಿಸಬಾರದು. ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಭೂನ್ಯಾಯಮಂಡಳಿಗಳ ಮುಂದೆ ವಕೀಲರ ಹಾಜರಿಯನ್ನು ನಿಷೇಧಿಸಿತ್ತು. ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧ ಸಿಂಧುವಲ್ಲವೆಂದಿತು. ವಕೀಲನಿರಲಿ, ಇಲ್ಲದಿರಲಿ, ಕಾಗದಪತ್ರಗಳನ್ನು ಅಣಿಮಾಡಿಕೊಡುವ ಕೈ ಗೇಣಿದಾರನಿಗೆ ಬೇಕೇ ಬೇಕಾಗಿತ್ತು. ಆ ಕೈ ಇಂದು ವಿದ್ಯಾರ್ಥಿಯದಾಗಬಹುದು. ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ೧೨ನೆಯ ಪ್ರಕರಣವು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಸ್ತ್ರೀಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವನ್ನು ನೀಡುತ್ತದೆ. ಪ್ಯಾರಾ ಲೀಗಲ್ ವಾಲಂಟಿಯರುಗಳೆಂಬ ಸ್ವಯಂಸೇವಕರಾಗಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ರಾಷ್ಟ್ರೀಯ ಪ್ರಾಧಿಕಾರದ ಯೋಜನೆಯಲ್ಲಿ ಅವಕಾಶವಿದೆ. ಅರ್ಜಿದಾರನನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯವರೆಗೆ, ಸಿದ್ಧವಾದ ಕಡತದೊಡನೆ ತಲುಪಿಸುವುದು ವಿದ್ಯಾರ್ಥಿಯ ಪಾಲು. ಅಲ್ಲಿಂದ ಮುಂದಿನದು ವಕೀಲರ ಪಾಲು.

ಇನ್ನುಳಿದ ತೊಡಕು ಕಾಲದ್ದು. ಸ್ನಾತಕೋತ್ತರ ವ್ಯಾಸಂಗ ಎರಡು ವರ್ಷಗಳದು. ತಾಂಡಾದ ಕಡತ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಏರಬೇಕು. ತಿರಸ್ಕಾರವಾದರೆ ಮೇಲ್ಮನವಿಗೆ ಇರುವ ಅವಧಿ ೬೦ ದಿನ. ಆ ದಿನಗಳು ಪರೀಕ್ಷೆಯ ತಿಂಗಳಲ್ಲಿಯೋ ಬೇಸಗೆಯ ರಜೆಯಲ್ಲಿಯೋ ಬಂದರೆ ಕೇಳುವವರಾರು? ಇದಕ್ಕೆ ಪರಿಹಾರ ವಿದ್ಯಾರ್ಥಿಯ ಉತ್ಸಾಹದಲ್ಲಿಲ್ಲ, ವಿಭಾಗದ ವ್ಯವಸ್ಥೆಯಲ್ಲಿದೆ. ಪ್ರತಿ ತಾಂಡಾಕ್ಕೂ ಒಂದು ಕಡತವನ್ನು ವಿಭಾಗವೇ ಇಟ್ಟುಕೊಳ್ಳಬೇಕು. ಹೇಳಿಕೆಗಳ ಒಂದು ಪ್ರತಿ ಹೇಳಿದವರ ಕೈಯಲ್ಲಿಯೇ ಉಳಿಯಬೇಕು. ಹೋಗುವ ವಿದ್ಯಾರ್ಥಿ ಬರುವ ವಿದ್ಯಾರ್ಥಿಯನ್ನು ತಾಂಡಾಕ್ಕೆ ಕರೆದೊಯ್ದು ಪರಿಚಯಿಸಬೇಕು. ರಾಜ್ಯದ ಕಾನೂನು ಕಾಲೇಜುಗಳು ೨೦೦೯ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಇತಿಹಾಸ ವಿಭಾಗಗಳು ಬೇರೆ ವಿಶ್ವವಿದ್ಯಾಲಯಗಳಿಗೆ. ಇವರಿಬ್ಬರೂ ಒಂದೇ ಮೇಜಿನ ಮುಂದೆ ಕೂಡುವ ಏರ್ಪಾಡು ಅಧ್ಯಾಪಕರಿಂದಲೇ ಆಗಬೇಕು.

ಕಾನೂನಿನ ವಿದ್ಯಾರ್ಥಿ ಪ್ರಕರಣವನ್ನು ಬಲ್ಲ, ಇತಿಹಾಸದ ವಿದ್ಯಾರ್ಥಿ ಆಕರವನ್ನು ಬಲ್ಲ, ತಾಂಡಾದ ಹಿರಿಯರು ನೆಲವನ್ನು ಬಲ್ಲರು. ೧೯೩೦ಕ್ಕೆ ಹಿಂದಿನದನ್ನು ಬಲ್ಲವರ ಮಾತನ್ನು ಕೇಳಿ ನೆನಪಿಟ್ಟುಕೊಂಡಿರುವ ಕೊನೆಯ ತಲೆಮಾರು ಇಂದಿನ ಈ ವೃದ್ಧರದು. ಅವರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವನ್ನು ಈ ನಾಲ್ಕು ತಾಲ್ಲೂಕುಗಳಿಗೆ ಸಮೀಪದ ಕಾಲೇಜುಗಳು ಬರುವ ವರ್ಷಕ್ಕೆಂದು ಮುಂದೂಡದೆ ಈ ವರ್ಷವೇ ಕೈಗೊಳ್ಳುವುದು ಯುಕ್ತ.