ಎರೆಮಣ್ಣಿನಂಥ ನೆಲ, ಮೆರ್ಲೋ ಎಂಬ ದ್ರಾಕ್ಷಿ

ಮೆರ್ಲೋ ಮೆತ್ತನೆಯ ದ್ರಾಕ್ಷಿ, ಅದರ ವೈನ್ ಕುಡಿಯಲು ಸಲೀಸು, ಆದರೆ ಬಹಳ ವರ್ಷ ಬಾಳದು. ಫ್ರಾನ್ಸಿನ ಬೋರ್ಡೋ ಸೀಮೆಯ ನಿಜವಾದ ದೊರೆ ಕ್ಯಾಬರ್ನೆ ಸೊವಿನ್ಯೋಂ. ವೈನ್ ಬಗ್ಗೆ ತುಸು ಓದಿಕೊಂಡವರೂ ಹೀಗೆ ಹೇಳುವುದುಂಟು. ಆದರೆ ಬೋರ್ಡೋದ ಕೆಂಪು ದ್ರಾಕ್ಷಿ ತೋಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಮೆರ್ಲೋದ್ದು. ಕ್ಯಾಬರ್ನೆಯ ಮೇಲುಗೈ ಇರುವುದು ಮೆದೋಕ್‌ನಂಥ ಗರಸು ನೆಲದಲ್ಲಿ. ಇವೆರಡೂ ಒಂದಕ್ಕೊಂದು ಪರಕೀಯವೇನಲ್ಲ, ಕ್ಯಾಬರ್ನೆ ಫ್ರಾಂಕ್ ಎಂಬ ಹಳೆಯ ತಳಿ ಎರಡಕ್ಕೂ ಹೆತ್ತವರಲ್ಲೊಂದು.

ಬಾಳಿಕೆಯ ಮಾತಿಗೆ ಉತ್ತರ ಬೇಕಾದರೆ ಪೊಮೆರೋಲ್‌ಗೆ ಹೋಗಬೇಕು. ದೊರ್ದೋನ್ ನದಿಯ ಬಲದಂಡೆಯಲ್ಲಿ, ಲಿಬೂರ್ನ್ ಪಟ್ಟಣದ ಮಗ್ಗುಲಿಗಿರುವ ಈ ಸೀಮೆಯ ತೋಟಗಳೆಲ್ಲ ಸೇರಿದರೂ ಸುಮಾರು 800 ಹೆಕ್ಟೇರ್. ಅಲ್ಲಿನ ದಿಬ್ಬದ ನೆತ್ತಿಯ ಮೇಲೆ 11 ಹೆಕ್ಟೇರಿಗೆ ತುಸು ಹೆಚ್ಚಿರುವ ಪೆಟ್ರೂಸ್ ತೋಟ, ಬಹುತೇಕ ಪೂರ್ತಿ ಮೆರ್ಲೋ. ಕಾಲಡಿಗೆ ನೀಲಿ ಛಾಯೆಯ ಜೇಡಿಮಣ್ಣು. ಅದರಲ್ಲಿರುವುದು ಸ್ಮೆಕ್ಟೈಟ್, ನಮ್ಮ ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನಲ್ಲಿ ಇರುವುದೂ ಇದೇ ಗುಂಪಿನ ಖನಿಜ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆದವರಿಗೆ ಇದರ ಗುಣ ಬಿಡಿಸಿ ಹೇಳಬೇಕಿಲ್ಲ: ಮಳೆ ನಿಂತ ಮೇಲೂ ಒಡಲಲ್ಲಿ ತೇವ ಹಿಡಿದಿಟ್ಟು ಬೆಳೆಯನ್ನು ಕಾಯುತ್ತದೆ. ಪೊಮೆರೋಲ್‌ನ ಒಣ ಬೇಸಿಗೆಯಲ್ಲೂ ಆ ಜೇಡಿ ಬೇರಿಗೆ ನೀರನ್ನು ತುಸುತುಸುವೇ ಬಿಟ್ಟುಕೊಡುತ್ತದೆ. ಮೆರ್ಲೋ ಮೊದಲೇ ಬೇಗ ಮಾಗುವ ಜಾತಿ. ಬಿಸಿ ನೆಲದಲ್ಲಿ ಸಕ್ಕರೆ ಅವಸರದಲ್ಲಿ ಏರಿಬಿಡುತ್ತದೆ. ತಂಪು ಜೇಡಿ ಆ ಓಟಕ್ಕೆ ಕಡಿವಾಣ ಹಾಕಿ, ಸಿಪ್ಪೆ ಮತ್ತು ಬೀಜದ ಒಗರು ಹದಕ್ಕೆ ಬರಲು ಬಿಡುವು ಕೊಡುತ್ತದೆ. ಅಲ್ಲಿನ ಒಳ್ಳೆಯ ವರ್ಷಗಳ ವೈನ್ ದಶಕಗಳವರೆಗೆ ಕೆಡದೆ ಉಳಿಯುವುದು ಹೀಗೆ. ಮೃದುತ್ವ ಬೇರೆ, ದೌರ್ಬಲ್ಯ ಬೇರೆ. ನುಣುಪಾದ ಒಗರೂ ಒಗರೇ.

ಅಧಿಕೃತ ದರ್ಜೆ ಇಲ್ಲದ ವೈನ್ ಕೀಳು ಎಂಬ ಎಣಿಕೆಯೂ ಇದೆ. ಪ್ಯಾರಿಸ್ ಪ್ರದರ್ಶನಕ್ಕಾಗಿ 1855ರಲ್ಲಿ ಬೋರ್ಡೋ ಪಟ್ಟಣದ ದಲ್ಲಾಳಿಗಳು ಮಾಡಿದ ಪಟ್ಟಿಯಲ್ಲಿ ಬಲದಂಡೆಯ ಒಂದು ಹೆಸರೂ ಇರಲಿಲ್ಲ. ನೆರೆಯ ಸಾಂತೆಮಿಲಿಯೋಂ 1955ರಲ್ಲಿ ತನ್ನದೇ ಪಟ್ಟಿ ಮಾಡಿಕೊಂಡಿತು. ಪೊಮೆರೋಲ್ ಇಂದಿಗೂ ಮಾಡಿಕೊಂಡಿಲ್ಲ. ಆದರೂ ಪೆಟ್ರೂಸ್ ಜಗತ್ತಿನ ಅತಿ ದುಬಾರಿ ವೈನ್‌ಗಳ ಸಾಲಿನಲ್ಲಿದೆ. ಇನ್ನು ವೈನ್ ತೋಟಗಳ ಹೆಸರಿನೊಂದಿಗೆ ಬರುವ ‘ಶಾತೋ’ ಎಂದರೆ ಕೋಟೆ, ಅರಮನೆ ಎಂದು ಊಹಿಸಿಕೊಂಡು ಹೋದವರಿಗೆ ಅಲ್ಲಿ ಬಹುಪಾಲು ಸಿಗುವುದು ಸಾಧಾರಣ ತೋಟದ ಮನೆಗಳು.

ಮೆರ್ಲೋ ಬೆಳೆಯುವುದು ಸುಲಭ ಎಂಬುದು ನನಗೆ ಎಲ್ಲಕ್ಕಿಂತ ಅನ್ಯಾಯದ ಮಾತೆನಿಸುತ್ತದೆ. ಬೇಗ ಚಿಗುರುವುದರಿಂದ ವಸಂತದ ಹಿಮ ಅದರ ಎಳೆ ಕುಡಿಗಳನ್ನು ಸುಡುತ್ತದೆ. ಹೂವಿನ ಹೊತ್ತಿಗೆ ಚಳಿ ಮಳೆ ಹಿಡಿದರೆ ಕಾಯಿ ಕಟ್ಟದೆ ಉದುರುತ್ತದೆ. 1956ರ ಫೆಬ್ರವರಿಯ ಕಡುಚಳಿಗಂತೂ ಬಲದಂಡೆಯಲ್ಲಿ ಬಳ್ಳಿಗಳೇ ಸತ್ತವು. ಹಲವರು ಕಿತ್ತು ಹೊಸದಾಗಿ ನೆಟ್ಟರು. ಪೆಟ್ರೂಸ್‌ನ ಒಡತಿ ಮದಾಮ್ ಲುಬಾ ಕೀಳಲು ಒಪ್ಪಲಿಲ್ಲ. ಬಳ್ಳಿಗಳನ್ನು ಬುಡದವರೆಗೆ ಕತ್ತರಿಸಿ, ಹಳೆಯ ಬೇರಿನಿಂದಲೇ ಮತ್ತೆ ಚಿಗುರಲು ಬಿಟ್ಟರು.