ಗುಂಡು ಕೇಕು, ಗುಡ್ಡದ ಗಾಳಿ

ಕೊಡಗಿನ ಅಡುಗೆಮನೆಗೆ ಉಂಡೆ ಬೇಯಿಸುವ ಕೆಲಸ ಹೊಸದಲ್ಲ. ಅಕ್ಕಿತರಿಯ ಕಡಂಬುಟ್ಟನ್ನು ಹಬೆಗಿಟ್ಟ ಮೇಲೆ ಯಾರೂ ಅದನ್ನು ತಿರುಗಿಸುತ್ತ ಕೂರುವುದಿಲ್ಲ. ಹಬೆ ಸುತ್ತಲಿಂದ ಉಂಡೆಗೆ ತಾಗಿ, ನೀರಾಗುತ್ತ, ತನ್ನಲ್ಲಿದ್ದ ಶಾಖವನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಗುಳಿಯಪ್ಪದ ಕಾವಲಿಯಲ್ಲಿ ಹಾಗಲ್ಲ. ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಕಡ್ಡಿ ಹಿಡಿದು ಒಂದೊಂದನ್ನೇ ಮಗುಚಬೇಕು. ಡೆನ್ಮಾರ್ಕಿನವರ ಎಬ್ಲೆಸ್ಕೀವರ್, ಜಪಾನಿನವರ ತಾಕೊಯಾಕಿ ಕೂಡ ಹೀಗೆ ಮಗುಚಿಯೇ ಗುಂಡಗಾಗುವ ತಿಂಡಿಗಳು.

ಕೇಕ್ ಪಾಪ್ ಮೇಕರ್ ಎಂಬ ಪುಟ್ಟ ಯಂತ್ರ ಈ ಮಗುಚುವ ಕೆಲಸವನ್ನು ತಪ್ಪಿಸಿದೆ. ಗುಳಿಯಪ್ಪದ ಕಾವಲಿಯ ಮೇಲೆ ಅಂಥದ್ದೇ ಇನ್ನೊಂದನ್ನು ಬೋರಲು ಹಾಕಿ, ಹಿಂದೆ ಕೀಲು ಕೂರಿಸಿದರೆ ಅದರ ರೂಪ ಬಂತು. ಕಡ್ಡಿಗೆ ಚುಚ್ಚಿದ ತುತ್ತುಗಾತ್ರದ ಕೇಕನ್ನು 2008ರ ಸುಮಾರಿಗೆ ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಆಂಜಿ ಡಡ್ಲಿ ಅವರ ವಿಧಾನದಲ್ಲಿ ಯಂತ್ರವೇ ಇರಲಿಲ್ಲ. ಬೆಂದ ಕೇಕನ್ನು ಪುಡಿಮಾಡಿ, ಕ್ರೀಮು ಕಲಸಿ, ಕೈಯಲ್ಲಿ ಉಂಡೆ ಕಟ್ಟುತ್ತಿದ್ದರು. ಅದು ತೀರಾ ಸಿಹಿ, ಜಿಗುಟು. ಯಂತ್ರದ ಉಂಡೆ ನಿಜವಾದ ಕೇಕಿನಂತೆ ಹಗುರ. ನನ್ನ ಮತ ಯಂತ್ರಕ್ಕೇ.

ಒಳಗೆ ಇರುವುದು ಸರಳ. ಎರಡೂ ತಟ್ಟೆಗಳ ಬೆನ್ನಿಗೆ ಬಿಸಿಯಾಗುವ ತಂತಿ. ಸಾಮಾನ್ಯವಾಗಿ ನೈಕ್ರೋಮ್, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿದು ತುಂಡಾಗದ ಈ ತಂತಿ ಸಿಗದಿದ್ದರೆ ಟೋಸ್ಟರಾಗಲಿ ಗೀಸರಾಗಲಿ ಮನೆಮನೆಗೆ ಬರುತ್ತಿರಲಿಲ್ಲ. ಜೊತೆಗೊಂದು ಥರ್ಮೋಸ್ಟಾಟ್: ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ. ಕಾದಾಗ ಬಾಗಿ ವಿದ್ಯುತ್ತನ್ನು ತುಂಡರಿಸುತ್ತದೆ, ಆರಿದಾಗ ನೆಟ್ಟಗಾಗಿ ಮತ್ತೆ ಜೋಡಿಸುತ್ತದೆ. ‘ಟಕ್’ ಎಂಬ ಸದ್ದು, ಹೊತ್ತಿ ಆರುವ ದೀಪ ಎರಡೂ ಅದರದೇ.

ಆದರೆ ಉಂಡೆಯನ್ನು ಗುಂಡಗೆ ಮಾಡುವುದು ಯಂತ್ರವಲ್ಲ, ಅನಿಲ. ಹಿಟ್ಟು ಹೊಯ್ಯುವುದು ಕೆಳಗಿನ ಗುಳಿಗೆ ಮಾತ್ರ. ಬೇಕಿಂಗ್ ಪೌಡರಿನ ಸೋಡಾ ಮತ್ತು ಆಮ್ಲ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಬೇಕು, ಅದರ ಗುಳ್ಳೆಗಳು ಬಿಸಿಗೆ ಹಿಗ್ಗಬೇಕು, ನೀರಿನ ಆವಿಯೂ ಕೈಜೋಡಿಸಬೇಕು, ಹಿಟ್ಟು ಮೇಲೆದ್ದು ಮೇಲಿನ ಗುಳಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಬೋಳು ತಲೆಯ ಅರ್ಧ ಗುಂಡು. ಹೆಚ್ಚು ಉಬ್ಬಿದರೆ ಸಂದಿಯಿಂದ ಹೊರಬಂದು ಉಂಡೆಯ ನಡುವಿಗೆ ಗರಿಗರಿ ಅಂಚು ಕಟ್ಟುತ್ತದೆ.

ಮಡಿಕೇರಿಯ ವಿಶೇಷ ಇಲ್ಲೇ. ಊರು ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಲ ತೀರದ ಶೇ. 87ರಷ್ಟು. ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ; ಅದೇ ಚಮಚ ಬೇಕಿಂಗ್ ಪೌಡರು ಮಡಿಕೇರಿಯಲ್ಲಿ ಸುಮಾರು ಶೇ. 15ರಷ್ಟು ಹೆಚ್ಚು ಜಾಗ ಬೇಡುತ್ತದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಹೋದರೆ ಸಿಗುವ ತಲಶ್ಶೇರಿ ಕೇಕಿಗೆ ಹೆಸರಾದ ಊರು. 1883ರಲ್ಲಿ ಮಾಂಬಳ್ಳಿ ಬಾಪು ಅಲ್ಲಿ ಸುಟ್ಟ ಕೇಕನ್ನೇ ಭಾರತದ ಮೊದಲ ಕ್ರಿಸ್‌ಮಸ್ ಕೇಕು ಎನ್ನುತ್ತಾರೆ. ಆ ಊರಿನ ಅಳತೆ ಕಡಲ ದಂಡೆಯ ಅಳತೆ. ಘಾಟಿ ಹತ್ತಿಸಿ ತಂದ ಪಾಕವಿಧಾನ ಹಾಗೆಯೇ ಕೂಡಿಬರುವುದಿಲ್ಲ.

ಹೆಚ್ಚು ಉಬ್ಬಿದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಅಲ್ಲ. ಗುಳ್ಳೆಯ ಗೋಡೆ ಗಟ್ಟಿಯಾಗುವುದು ಮೈದಾದ ಪಿಷ್ಟ ನೀರು ಹೀರಿ ಊದಿ, ಮೊಟ್ಟೆಯ ಪ್ರೋಟೀನು ಹೆಪ್ಪುಗಟ್ಟಿದಾಗ. ಸಕ್ಕರೆ ಇವೆರಡನ್ನೂ ತಡಮಾಡುತ್ತದೆ. ಎತ್ತರದಲ್ಲಿ ನೀರು ಬೇಗ ಆವಿಯಾಗುವುದರಿಂದ ಉಳಿದ ಹಿಟ್ಟಿನಲ್ಲಿ ಸಕ್ಕರೆಯ ಪಾಲು ಏರಿ ತಡ ಇನ್ನಷ್ಟು. ಅಷ್ಟರಲ್ಲಿ ಗುಳ್ಳೆಗಳು ಅಳತೆ ಮೀರಿ ಹಿಗ್ಗಿ, ಗೋಡೆ ತೆಳುವಾಗಿ ಹರಿದು, ಕೇಕು ಕುಸಿಯುತ್ತದೆ. ಇನ್ನೊಂದು ಸಂಗತಿ: ಮಡಿಕೇರಿಯಲ್ಲಿ ನೀರು ಕುದಿಯುವುದು 96 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ. ತಟ್ಟೆ ಎಷ್ಟೇ ಕಾದಿರಲಿ, ತೇವವಿರುವ ತನಕ ಕೇಕಿನ ಒಳಗು ಅದಕ್ಕಿಂತ ಬಿಸಿಯಾಗದು. ಕೆಂಪಾಗುವುದು ನೀರು ಆರಿದ ಮೇಲ್ಮೈ ಮಾತ್ರ. 140 ಡಿಗ್ರಿ ದಾಟಿದಲ್ಲಿ ಸಕ್ಕರೆ, ಪ್ರೋಟೀನುಗಳು ಬೆರೆತು ಬಣ್ಣ, ಘಮ ಕೊಡುತ್ತವೆ. ಹೊರಗಿನ ಬಣ್ಣ ನೋಡಿ ಒಳಗು ಬೆಂದಿದೆ ಎನ್ನಲಾಗದು, ಕಡ್ಡಿ ಚುಚ್ಚಿಯೇ ನೋಡಬೇಕು.

ಪರಿಹಾರ ಕಷ್ಟದ್ದಲ್ಲ. ಚಮಚಕ್ಕೆ ಎಂಟನೇ ಒಂದು ಪಾಲು ಬೇಕಿಂಗ್ ಪೌಡರು ಕಡಿಮೆ ಮಾಡಿ, ಸಕ್ಕರೆ ತುಸು ಇಳಿಸಿ, ಹಾಲು ಒಂದೆರಡು ಚಮಚ ಹೆಚ್ಚಿಸಿ. ಗುಳಿಯಲ್ಲಿ ಹಿಟ್ಟನ್ನು ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಸುಮಾರು 830 ಮೀಟರಿನ ಕುಶಾಲನಗರದಲ್ಲಿ ಈ ತಿದ್ದುಪಡಿ ಇನ್ನೂ ಕಡಿಮೆ ಸಾಕು.

ಮಳೆಗಾಲದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ತೋಟದ ಮರದ ಕೊಂಬೆಗಳು ತಂತಿಯ ಮೇಲೆ ಬೀಳುವ ಜೂನ್, ಜುಲೈಗಳಲ್ಲಿ ವೋಲ್ಟೇಜು ಎಲ್ಲಿ ನಿಲ್ಲುತ್ತದೋ ಹೇಳಲಾಗದು. ತಂತಿ ಹೊಮ್ಮಿಸುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 230 ವೋಲ್ಟಿನಲ್ಲಿ 700 ವ್ಯಾಟ್ ಕೊಡುವ ಯಂತ್ರ 180ಕ್ಕಿಳಿದರೆ ಸುಮಾರು 430 ವ್ಯಾಟ್ ಮಾತ್ರ ಕೊಟ್ಟೀತು. ಥರ್ಮೋಸ್ಟಾಟ್ ಪಟ್ಟುಬಿಡದೆ ತಟ್ಟೆಯನ್ನು ಕೊನೆಗೆ ಬೇಕಾದಷ್ಟು ಕಾಯಿಸುತ್ತದೆ, ನಿಜ. ಆದರೆ ತಣ್ಣನೆಯ ಹಿಟ್ಟು ಬಿದ್ದೊಡನೆ ಇಳಿದ ಬಿಸಿ ಮತ್ತೆ ಏರಲು ತಡ. ಆ ಹೊತ್ತಿಗೆ ಅನಿಲವೆಲ್ಲ ಸೋರಿ ಉಂಡೆ ಕುಳ್ಳಗೆ, ಗಟ್ಟಿಯಾಗಿ ಉಳಿಯುತ್ತದೆ. ಗುಡ್ಡ ಎತ್ತಿದ್ದನ್ನು ವೋಲ್ಟೇಜು ಇಳಿಸಿತು! ಹೀಗಿರುವಾಗ ಒಮ್ಮೆ ದೀಪ ಹೇಳಿದ ಮೇಲೂ ಇನ್ನೊಂದು ಸುತ್ತು ಕಾಯಿಸಿ, ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದ ಹಾಗೇ ಹೊಯ್ಯದೆ, ಅರ್ಧದಷ್ಟು ಗುಳಿಗಳನ್ನು ಮಾತ್ರ ತುಂಬುವುದು ಒಳ್ಳೆಯದು. ಇನ್‌ವರ್ಟರಿಗೆ ಇದನ್ನು ಸಿಕ್ಕಿಸದಿದ್ದರೆ ದೀಪಕ್ಕಾದರೂ ಬ್ಯಾಟರಿ ಉಳಿದೀತು.

ಮಳೆಗಾಲದ ತೇವಕ್ಕೆ ಡಬ್ಬಿಯಲ್ಲಿರುವ ಬೇಕಿಂಗ್ ಪೌಡರು ಕೂಡ ಸದ್ದಿಲ್ಲದೆ ಸಾಯುತ್ತದೆ. ಬಿಸಿನೀರಿಗೆ ಅರ್ಧ ಚಮಚ ಹಾಕಿ ನೋಡಿ. ನೊರೆ ಉಕ್ಕದಿದ್ದರೆ ಬಿಸಾಡಿ. ಮೊಟ್ಟೆ ಬೇಡವೆನ್ನುವವರು ಸೋಡಾಕ್ಕೆ ಹುಳಿ ಬೆರೆಸುತ್ತಾರೆ. ಪ್ಯಾಶನ್ ಫ್ರೂಟಿನ ರಸ ಚೆನ್ನಾಗಿ ಒಗ್ಗುತ್ತದೆ, ಆದರೆ ಅನಿಲ ಕಲಸಿದ ಕೂಡಲೇ ಹೊರಡುವುದರಿಂದ ಹಿಟ್ಟನ್ನು ಹಾಗೇ ಇಟ್ಟಿರಬಾರದು. ಹಂದಿಮಾಂಸದ ಪಂದಿಕರಿಗೆ ಬೀಳುವ ಕಪ್ಪು ಕಾಚಂಪುಳಿಯೂ ರಸಾಯನಶಾಸ್ತ್ರದ ಕಣ್ಣಿಗೆ ಒಂದು ಆಮ್ಲವೇ. ನಾಲಿಗೆ ಒಪ್ಪುತ್ತದೆಂದು ನಾನು ಹೇಳಲಾರೆ.

ತಟ್ಟೆಗೆ ಲೋಹದ ಚಮಚ ತಾಗಿಸಬೇಡಿ, ಅಂಟದಂತೆ ಹಚ್ಚಿದ ಲೇಪ ಎದ್ದುಹೋಗುತ್ತದೆ. ಮೂರು ಪಿನ್ನಿನ ಪ್ಲಗ್ಗಾದರೆ ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿ. ಸಂದಿಯಿಂದ ಬಿಸಿ ಆವಿ ನುಗ್ಗುವುದರಿಂದ ಮರದ ಕಪಾಟಿನ ಕೆಳಗೆ ಇಡಬೇಡಿ. ಡಿಸೆಂಬರಿನಲ್ಲಿ ಹೋಂಸ್ಟೇ ಅತಿಥಿಗಳಿಗೆ ಕಿತ್ತಳೆ ಸಿಪ್ಪೆ ತುರಿದು ಹಾಕಿದ ಗುಂಡು ಕೇಕು ಕೊಡುವ ಮನಸ್ಸಿದ್ದರೆ, ಯಂತ್ರದ ಜೊತೆ ಬಂದ ಪುಸ್ತಿಕೆಯ ಅಳತೆಯನ್ನು ನಂಬಿ ಎಲ್ಲ ಗುಳಿ ತುಂಬುವ ಬದಲು, ಮೊದಲ ಸರದಿಗೆ ಎರಡೇ ಗುಳಿಗೆ ಹೊಯ್ದು ನೋಡಿ. ನಿಮ್ಮ ಊರಿನ ಎತ್ತರಕ್ಕೆ ಎಷ್ಟು ಬೇಕೆಂಬುದು ಐದಾರು ನಿಮಿಷದಲ್ಲಿ ಗೊತ್ತಾಗುತ್ತದೆ.