ಕನ್ನಂಬಾಡಿಯ ಕಟ್ಟೆಯೂ ಇಂಜಿನಿಯರುಗಳ ಕೆಲಸವೂ

ಮಗನನ್ನಾಗಲಿ ಮಗಳನ್ನಾಗಲಿ ಇಂಜಿನಿಯರಿಂಗ್ ಓದಿಸಬೇಕೆಂಬ ಹಂಬಲವಿಲ್ಲದ ಮನೆಯು ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬಹುದು. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ಕಾಲದಲ್ಲಿ ಗೃಹಸ್ಥರು ಕಲೆತಲ್ಲೆಲ್ಲಾ ಇದೇ ಮಾತು. ಯಾವ ಕಾಲೇಜು, ಎಷ್ಟು ಶುಲ್ಕ, ಮುಂದೆ ಎಷ್ಟು ಸಂಬಳ ಎಂಬ ವಿಚಾರಗಳು ವಿಸ್ತಾರವಾಗಿ ಚರ್ಚೆಗೆ ಬರುತ್ತವೆ. ಇಂಜಿನಿಯರಾದವರು ದೇಶಕ್ಕೆ ಮಾಡಿಕೊಡುವ ಕೆಲಸವಾವುದೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಹಾಕುವುದರೊಂದಿಗೆ ಆ ವಿಚಾರವು ಮುಗಿದಂತೆಯೇ ಸರಿ. ಹೂಮಾಲೆಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಕೆಲಸದಲ್ಲಿದ್ದ ಕಷ್ಟವಾವುದು, ಅದರಿಂದಾದ ಲಾಭವಾವುದು, ನಷ್ಟವಾವುದು ಎಂಬುದನ್ನು ವಾಚಕರ ಮುಂದಿಡುವುದು ಹೆಚ್ಚು ಪ್ರಯೋಜನಕರವೆಂದು ತೋರಿ, ಕನ್ನಂಬಾಡಿಯ ಕಟ್ಟೆಯನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ಸುಮಾರು 50 ಲಕ್ಷ 55 ಸಾವಿರವಿದ್ದಿತು. 1881ರ ಗಣತಿಯಲ್ಲಿ ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ನಡುವೆ ನಡೆದುಹೋದುದು 1876-78ರ ಕ್ಷಾಮ. ಹಿರಿಯರ ಬಾಯಲ್ಲಿ ಅದು ಧಾತು-ಈಶ್ವರ ಸಂವತ್ಸರಗಳ ಬರ. ಕಾವೇರಿಗೆ ಹಿಂದಿನ ಅರಸರು ಕಟ್ಟಿಸಿದ ಅಣೆಗಳೂ ನಾಲೆಗಳೂ ಇದ್ದುವು, ನಿಜ. ಆದರೆ ಅವು ಹೊಳೆಯಲ್ಲಿ ನೀರಿದ್ದಾಗ ಅದನ್ನು ಗದ್ದೆಗೆ ತಿರುಗಿಸುತ್ತಿದ್ದುವೇ ಹೊರತು, ಮಳೆಯ ಕಾಲದ ನೀರನ್ನು ಬೇಸಗೆಗೆ ಹಿಡಿದಿಡುತ್ತಿರಲಿಲ್ಲ. ಹಿಡಿದಿಡುವ ಯೋಚನೆ ಮಾತ್ರ ಹಳೆಯದು. ಟೀಪೂ ಸುಲ್ತಾನನು 1794ರಲ್ಲಿ ಇದೇ ಪ್ರದೇಶದಲ್ಲಿ ಕಟ್ಟೆಗೆ ಅಸ್ತಿಭಾರ ಹಾಕಿಸಿದುದನ್ನು ತಿಳಿಸುವ ಪಾರಸಿ ಶಾಸನವೊಂದು ಕೆಲಸದ ಆರಂಭಕಾಲದಲ್ಲಿ ದೊರಕಿತು.

ಯೋಚನೆಯು ಕಾರ್ಯಕ್ಕೆ ಬಂದುದಕ್ಕೆ ಗದ್ದೆಯ ಬಾಯಾರಿಕೆಯೊಂದೇ ಕಾರಣವಲ್ಲ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜಿತವಾಗಿ, ಅವರು ಕಾಲವಾದ ಮರುವರ್ಷ 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಆರಂಭವಾಯಿತು. ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹೋಗುತ್ತಿದ್ದಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂದಿತು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಯಂತ್ರಗಳು ತಿರುಗುವುದಾದರೂ ಹೇಗೆ? ಗಣಿಯ ವಿದ್ಯುತ್ತಿಗೂ ರೈತನ ಪೈರಿಗೂ ಬೇಕಾದುದು ಒಂದೇ, ಮೇಲ್ಗಡೆ ಒಂದು ದೊಡ್ಡ ಜಲಾಶಯ. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಒಪ್ಪಿಗೆ ದೊರೆತು 1911ರ ನವೆಂಬರಿನಲ್ಲಿ ಕೆಲಸವು ಆರಂಭವಾಯಿತು.

ಇಲ್ಲಿಯೇ ಕಥೆಯ ಮುಖ್ಯ ಭಾಗವಿರುವುದು. ಮದರಾಸು ಸರ್ಕಾರವು, ಮೇಲೆ ಕಟ್ಟೆಯಾದರೆ ತಂಜಾವೂರಿನ ಗದ್ದೆಗಳಿಗೆ ನೀರು ಕಡಿಮೆಯಾದೀತೆಂದು ಆಕ್ಷೇಪಿಸಿತು. ದೊರೆತ ಅನುಮತಿಯು 80 ಅಡಿ ಎತ್ತರದ ಕಟ್ಟೆಗೆ ಮಾತ್ರ. ವಿಶ್ವೇಶ್ವರಯ್ಯನವರ ಯೋಜನೆಯಲ್ಲಿದ್ದುದು 130 ಅಡಿಯ ಕಟ್ಟೆ. ಎತ್ತರವನ್ನು ಆಮೇಲೆ ಏರಿಸಿಕೊಳ್ಳಬಹುದಲ್ಲವೇ ಎಂದು ವಾಚಕರು ಕೇಳಬಹುದು. ಅದು ಸಾಧ್ಯವಾಗದು. ನೀರಿನ ಆಳವು ಎರಡರಷ್ಟಾದರೆ ಗೋಡೆಯ ಮೇಲಿನ ಒಟ್ಟು ಒತ್ತಡವು ನಾಲ್ಕರಷ್ಟಾಗುವುದು. 80 ಅಡಿಯ ನೀರಿನ ಬದಲು 124 ಅಡಿಯ ನೀರು ನಿಂತರೆ ಒತ್ತಡವು ಎರಡು ಪಟ್ಟಿಗೂ ಮೀರುವುದು. ತೆಳುವಾದ ಬುಡದ ಮೇಲೆ ಎತ್ತರದ ಗೋಡೆ ನಿಲ್ಲದು. ಒಮ್ಮೆ ನೀರು ತುಂಬಿದ ಮೇಲೆ ಬುಡವನ್ನು ಅಗಲಿಸುವುದು ಬಹು ದುಸ್ಸಾಧ್ಯ. ಆದುದರಿಂದ ಅವರು ಅನುಮತಿಯಿದ್ದ ಎತ್ತರವನ್ನು ಬಿಟ್ಟು, ಬೇಕಾದ ಎತ್ತರಕ್ಕೆ ತಕ್ಕಂತೆ 111 ಅಡಿ ಅಗಲದ ಅಸ್ತಿಭಾರವನ್ನು ಹಾಕಿಸಿದರು. ತೀರ್ಪು ವಿರುದ್ಧವಾಗಿದ್ದರೆ ಸಂಸ್ಥಾನದ ಹಣವು ಹೊಳೆಯ ತಳದಲ್ಲಿ ಹೂತುಹೋದಂತೆಯೇ. ಇದನ್ನು ಧೈರ್ಯವೆನ್ನಬೇಕೋ ಸಾಹಸವೆನ್ನಬೇಕೋ ಎಂಬುದರಲ್ಲಿ ಇಂದಿಗೂ ಅಭಿಪ್ರಾಯಭೇದ ಬರಬಹುದು. ಲೆಕ್ಕವನ್ನು ತಾನೇ ಮಾಡಿದವನು ಮಾತ್ರ ಕೈಹಾಕಬಹುದಾದ ಸಾಹಸವದೆಂದು ನಮಗೆ ತೋರುತ್ತದೆ. 1914ರ ಮಧ್ಯಸ್ಥಿಕೆಯ ತೀರ್ಪು ಮೈಸೂರಿಗೆ ಅನುಕೂಲವಾಯಿತು. ಮದರಾಸು ಅದನ್ನೊಪ್ಪದೆ ಮೇಲಕ್ಕೆ ಹೋಗಿ, ಕಡೆಗೆ 1924ರಲ್ಲಿ ಒಪ್ಪಂದವಾಯಿತು. ವಿವಾದವು ಅಲ್ಲಿಗೆ ಮುಗಿಯಲಿಲ್ಲವೆಂಬುದು ಎಲ್ಲರಿಗೂ ತಿಳಿದುದೇ. ಅದು 1990ರ ನ್ಯಾಯಮಂಡಲಿಯನ್ನೂ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನೂ ಕಂಡಿದೆ.

ಕಟ್ಟೆಯು ಒಬ್ಬರ ಕೈಯಿಂದ ಆದುದಲ್ಲ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾಗಿ 1918ರಲ್ಲಿ ಅಧಿಕಾರವನ್ನು ಬಿಟ್ಟರು; ಕಟ್ಟೆಯು ಪೂರ್ತಿಯಾದುದು 1931-32ರ ವೇಳೆಗೆ. ಅವರ ನಂತರದ ಇಂಜಿನಿಯರುಗಳು, ಮೇಸ್ತ್ರಿಗಳು, ಕಲ್ಲುಕುಟಿಗರು, ಸಾವಿರಾರು ಮಂದಿ ಕೂಲಿಗಳು ಈ ಇಪ್ಪತ್ತು ವರ್ಷಗಳ ಶ್ರಮದಲ್ಲಿ ಪಾಲುಗಾರರು. ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರಸಿ ಅರೆದ ಸುರ್ಕಿ ಗಾರೆಯಿಂದ ಈ ಒಂದೂವರೆ ಮೈಲಿಗೂ ಮೀರಿದ ಗೋಡೆಯನ್ನು ಕಟ್ಟಿದರು. ಅದರ ಹಿಂದೆ ನಿಲ್ಲುವ ನೀರು ಸುಮಾರು 49 ಟಿ.ಎಂ.ಸಿ.

ನೀರು ನಿಲ್ಲಿಸುವುದು ಅರ್ಧ ಕೆಲಸ. ಹಂಚುವುದು ಇನ್ನರ್ಧ, ಅದೇ ಹೆಚ್ಚು ಕಷ್ಟ. ಹುಳಿಕೆರೆಯ ಬಳಿ ಗುಡ್ಡವನ್ನು ಕೊರೆದು ಒಂದೂವರೆ ಮೈಲಿಗೂ ಉದ್ದದ ಸುರಂಗದಲ್ಲಿ ನಾಲೆಯನ್ನು ಹಾಯಿಸಿದರು. ಆಗ ಇರ್ವಿನ್ ನಾಲೆಯೆನಿಸಿದ್ದ ಅದು ಈಗಿನ ವಿಶ್ವೇಶ್ವರಯ್ಯ ನಾಲೆ. ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಎಕರೆ ಅದರ ಗುರಿಯಾಗಿದ್ದಿತು. ಬೊಂಬಾಯಿ ಪ್ರಾಂತದ ನಾಲೆಗಳಲ್ಲಿ ವಿಶ್ವೇಶ್ವರಯ್ಯನವರು ಮೊದಲೇ ಬಳಕೆಗೆ ತಂದಿದ್ದ ಬ್ಲಾಕ್ ಪದ್ಧತಿಯ ತತ್ವವು ಸರಳವಾದುದು: ಊರಿನ ಜಮೀನನ್ನೆಲ್ಲಾ ಏಕಕಾಲದಲ್ಲಿ ಬತ್ತ ಕಬ್ಬುಗಳಿಗೆ ಬಿಡದೆ, ಭಾಗ ಮಾಡಿ, ಹೆಚ್ಚು ನೀರು ಬೇಡುವ ಬೆಳೆಯನ್ನೂ ಕಡಿಮೆ ಸಾಕಾಗುವ ಬೆಳೆಯನ್ನೂ ಸರದಿಯ ಮೇಲೆ ಬೆಳೆಸುವುದು. ಹೀಗಾದರೆ ಅದೇ ನೀರು ಹೆಚ್ಚು ಮನೆಗಳಿಗೆ ತಲುಪುವುದು. ಮನೆಯಲ್ಲಿ ಹತ್ತು ಮಂದಿಗೆ ಒಂದು ಪಾತ್ರೆಯ ಹಾಲನ್ನು ಬಡಿಸುವ ಗೃಹಿಣಿಗೆ ಈ ಲೆಕ್ಕವು ಹೊಸದೇನಲ್ಲ. ಆದರೆ ಕಬ್ಬಿನ ಲಾಭವು ದೊಡ್ಡದು. ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದುವು. ನಾಲೆಯ ಮೇಲ್ಭಾಗದವರು ಬೇಕಾದಷ್ಟು ನೀರು ಹಾಯಿಸಿಕೊಂಡರೆ ಕೊನೆಯ ಭಾಗದವರು ಆಕಾಶವನ್ನು ನೋಡುವ ಪರಿಸ್ಥಿತಿಯು ಯಾವ ನಾಲೆಗೂ ತಪ್ಪಿದುದಲ್ಲ. ಸರದಿಯ ಪದ್ಧತಿಯನ್ನು ಕಾಗದದ ಮೇಲೆ ಬರೆದವರು ಇಂಜಿನಿಯರು. ಅದನ್ನು ನಡಸಬೇಕಾದವರು ಊರಿನವರೇ.

ನಷ್ಟದ ಬಾಬನ್ನೂ ಬರೆಯದಿದ್ದರೆ ಲೆಕ್ಕವು ಪೂರ್ತಿಯಾಗದು. ಕನ್ನಂಬಾಡಿಯೆಂಬ ಊರೇ, ಅದರ ಸುತ್ತಲಿನ ಇನ್ನೂ ಅನೇಕ ಊರುಗಳೊಡನೆ, ನೀರಿನಡಿಗೆ ಹೋಯಿತು. ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿ, ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯ ಬತ್ತಿದಾಗ ಮಾತ್ರ ತಲೆಯೆತ್ತುತ್ತಿದ್ದಿತು. ಇತ್ತೀಚೆಗೆ ಅದರ ಕಲ್ಲುಗಳನ್ನು ಬಿಚ್ಚಿತಂದು ದಡದ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಲಾಗಿದೆ. ದೇವರಿಗೆ ಹೊಸ ಮನೆಯಾಯಿತು. ಎದ್ದುಹೋದ ಒಕ್ಕಲುಗಳ ಕಥೆಯನ್ನು ಬರೆದಿಟ್ಟವರು ಕಡಿಮೆ. ಇನ್ನು ನಾಲೆ ಬಂದ ಹಳ್ಳಿಗಳಲ್ಲಿ ನಿಂತ ನೀರಿನೊಡನೆ ಚಳಿಜ್ವರದ ಸೊಳ್ಳೆಯೂ ಬಂದಿತು. ಅದನ್ನು ಹತೋಟಿಗೆ ತರಲು ವೈದ್ಯರು ಬಹುಕಾಲ ಶ್ರಮಿಸಬೇಕಾಯಿತು. ನೀರನ್ನು ತರುವ ನಾಲೆಯಷ್ಟೇ ನೀರನ್ನು ಹೊರಗೆ ಕಳುಹಿಸುವ ಬಸಿಗಾಲುವೆಯೂ ಮುಖ್ಯವೆಂಬುದು ಈ ಜ್ವರದ ಮೂಲಕವೇ ಅನೇಕರಿಗೆ ತಿಳಿಯಿತು.

ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿಯು ಇದೇ ಹೊಳೆ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಪಡೆದ ಆ ನಗರಕ್ಕೆ 1974ರಲ್ಲಿ ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ತಂದರು. ನಗರವು ಹೊಳೆಗಿಂತ ಬಹಳ ಎತ್ತರದಲ್ಲಿರುವುದರಿಂದ ಹನಿಹನಿಯನ್ನೂ ಪಂಪುಗಳಿಂದ ಮೇಲಕ್ಕೆತ್ತಬೇಕು. ನಲ್ಲಿಯನ್ನು ತಿರುಗಿಸಿ ಬಿಟ್ಟು ಮರೆಯುವಾಗ ಹರಿದುಹೋಗುವುದು ನೀರೊಂದೇ ಅಲ್ಲ, ಅದನ್ನೆತ್ತಿದ ವಿದ್ಯುತ್ತೂ ಹೌದು.

ಕಟ್ಟುವ ಕೆಲಸಕ್ಕೆ ದೊರೆಯುವ ಕೀರ್ತಿಯು ಕಾಯುವ ಕೆಲಸಕ್ಕೆ ದೊರೆಯದು. ಗೇಟಿಗೆ ಗ್ರೀಸು ಹಚ್ಚಿದವನಿಗೆ ಯಾರೂ ಪ್ರತಿಮೆ ನಿಲ್ಲಿಸಿದುದನ್ನು ನಾವು ಕೇಳಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಲ್ಲಿ, ಜಲಾಶಯವು ತುಂಬಿದ್ದಾಗಲೇ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ಆದರೂ ಎರಡು ಮೂರು ರಾಜ್ಯಗಳ ರೈತರು ಆ ವರ್ಷದ ಬೆಳೆಯ ಆಸೆಯನ್ನೇ ಬಿಡುವಂತಾಯಿತು. ನಿವೃತ್ತರಾಗಿದ್ದ ಗೇಟುತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಅವರ ಮಾರ್ಗದರ್ಶನದಲ್ಲಿ, ಜಲಾಶಯವನ್ನು ಪೂರ್ತಿ ಖಾಲಿ ಮಾಡದೆ, ನೀರು ಭೋರ್ಗರೆದು ಹೊರಬೀಳುತ್ತಿದ್ದ ಕಿಂಡಿಗೇ ಉಕ್ಕಿನ ತಡೆಗಳನ್ನು ಒಂದರ ಮೇಲೊಂದಾಗಿ ಇಳಿಸಿ, ಸುಮಾರು ಒಂದು ವಾರದೊಳಗೆ ನೀರನ್ನು ನಿಲ್ಲಿಸಲಾಯಿತು. ಉಳಿದ ನೀರಿನಿಂದ ಆ ವರ್ಷದ ಗದ್ದೆಗಳಿಗೆ ನಾಲೆ ಹರಿಯಿತು.